ಅಂತೆ

ಜೀನ್ಸ್ ಹೊಲಿಯುವವರಿಗೆ ಗೊತ್ತು,
ಕೆಳಗೆ ಬಾಬಿನ್‌ನಲ್ಲಿ ದಾರ ತೀರಿದ್ದು ಕಾಣುವುದಿಲ್ಲ.
ಸೂಜಿ ಆಡುತ್ತಲೇ ಇರುತ್ತದೆ,
ಬಟ್ಟೆ ಸರಿಯುತ್ತಲೇ ಇರುತ್ತದೆ,
ತಿರುವಿ ನೋಡಿದರೆ ಗೇಣುದ್ದ ಬರೀ ತೂತು,
ಹೊಲಿಗೆಯಿಲ್ಲ.

ಆ ಶನಿವಾರದ ರಾತ್ರಿ ನನಗೆ ಹಾಗೆ ಉಳಿದಿದೆ.

ಹನ್ನೆರಡು ಸಾವಿರ ಪ್ಯಾಂಟಿನ ಆರ್ಡರ್ ಮುಗಿದ ಖುಷಿಗೆ
ಹೊಸಪೇಟೆ ರಸ್ತೆಯ ಹೋಟೆಲಿನ ಮಹಡಿಯಲ್ಲಿ ಊಟ.
ಬಳ್ಳಾರಿಯ ಮೇ ತಿಂಗಳು, ರಾತ್ರಿ ಒಂಬತ್ತಕ್ಕೂ ಗೋಡೆ ಕಾದೇ ಇತ್ತು.
ನಾನು ತಗೊಂಡದ್ದು ಮೂಸಂಬಿ ಜ್ಯೂಸು.
ಎಷ್ಟು ಜನಕ್ಕೆ ಹೇಳಿದ್ದೇನೆ ಇದನ್ನು,
ಮೂಸಂಬಿ, ಮೂಸಂಬಿ ಎಂದು ಆಣೆ ಇಟ್ಟ ಹಾಗೆ.
ಬಿಯರೇ ಆಗಿದ್ದರೂ ಏನೀಗ ಎಂದು ಕೇಳಲು
ಒಂದು ವರ್ಷ ಹಿಡಿಯಿತು ನನಗೆ.

ತಮ್ಮನ ಫೋನು. ಗದ್ದಲವೆಂದು ಮೆಟ್ಟಿಲ ಕಡೆ ಹೋದೆ.
ಗ್ಯಾಸ್ ಸಿಲಿಂಡರಿನ ಮಾತು, ಎರಡು ನಿಮಿಷ.
ಬಂದಾಗ ಲೋಟ ಅಲ್ಲೇ ಇತ್ತು, ಅದೇ ಬಣ್ಣ, ಅದೇ ಸ್ಟ್ರಾ.
ತುಸು ಉಪ್ಪುಪ್ಪು.
ಬಾಯಿಗೆ ಅನುಮಾನ ಬಂದಿತ್ತು,
ಬುದ್ಧಿಯೇ ಅದಕ್ಕೆ ಸಮಾಧಾನ ಹೇಳಿತು.

ಆಮೇಲಿನ ನಾಲ್ಕು ಗಂಟೆಗೆ
ನನ್ನ ಹತ್ತಿರ ಇರುವುದು ಒಂದೇ ಪದ: ಅಂತೆ.

ಸುಮ್ಮಸುಮ್ಮನೆ ನಕ್ಕೆನಂತೆ.
ಚಪ್ಪಲಿ ಬಿಟ್ಟು ನಡೆದೆನಂತೆ.
ಕಾಲು ಟಾಕು ಬಿಚ್ಚಿದ ಬಟ್ಟೆಯ ಹಾಗೆ ಜೋಲಿದವಂತೆ.
"ಕುಡದಾಳ" ಎಂದರಂತೆ ಬೆಂಚು ತುಂಬ ಜನ.
ಯೂನಿಟ್ಟಿನ ಲೆಕ್ಕ ಬರೆಯುವವನು,
ಎಂದೂ ನನ್ನ ಹೆಸರು ನೆಟ್ಟಗೆ ಕರೆಯದವನು,
ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ
"ಪಾಪ, ಸೆಕಿಗೆ ಹಿಂಗಾಗೈತಿ, ನಾ ಮನಿಗೆ ಬಿಡ್ತೀನಿ" ಅಂದನಂತೆ.

ಮಾಬುನ್ನಿ ಗುಂಡಿ ಹಚ್ಚುವವಳು.
ಸಡಿಲಾದದ್ದು ಯಾವುದೆಂದು ಒಂದೇ ನೋಟಕ್ಕೆ ಹೇಳುತ್ತಾಳೆ.
"ಅಕಿ ಮನಿ ಎಲ್ಲೈತಿ, ಹೇಳು ನೋಡಮು" ಅಂದಳಂತೆ.
ಅವನಿಗೆ ಗೊತ್ತಿರಲಿಲ್ಲ.

ಲೋಟವನ್ನೂ ಬಿಡಲಿಲ್ಲ ಪುಣ್ಯಾತ್ಗಿತ್ತಿ,
ಉಳಿದೆರಡು ಗುಟುಕು ಬಾಟಲಿಗೆ ಬಗ್ಗಿಸಿ ಮುಚ್ಚಳ ಬಿಗಿದು,
ಆಟೋದಲ್ಲಿ ನನ್ನನ್ನು ಒಂದು ಮಗ್ಗುಲಿಗೆ ಮಲಗಿಸಿ
"ಮನಿಗಲ್ಲ, ದವಾಖಾನಿಗೆ" ಅಂದಳಂತೆ.
ಸುಂಕಮ್ಮಾ, ಏ ಸುಂಕಿ, ಎಂದು
ದಾರಿಯುದ್ದ ಕೂಗಿದಳಂತೆ.
ಕೋಟೆ ಗುಡ್ಡದ ದೀಪ ದಾಟಿದ್ದು ನನಗೆ ನೆನಪಿದೆಯೋ,
ಅವಳು ಹೇಳಿದ ಮೇಲೆ ನೆನಪಾಯಿತೋ.

ರಾತ್ರಿಪಾಳಿಯ ಡಾಕ್ಟರಮ್ಮ
ಏನು ಕುಡಿದೆ ಎಂದಳು, ಯಾಕೆ ಕುಡಿದೆ ಎನ್ನಲಿಲ್ಲ.
ಮೊದಲ ಮೂತ್ರ ಈ ಡಬ್ಬಿಗೆ,
ತಡವಾದಷ್ಟೂ ಮೈಯಿಂದ ಇಳಿದುಹೋಗುತ್ತದೆ ಎಂದಳು.
ಉಟ್ಟದ್ದು ಒಗೆಯಬೇಡ ಎಂದಳು.
ಹಸಿರು ಚೂಡಿದಾರ ಕಾಗದದ ಚೀಲ ಸೇರಿತು.
ಇನ್ನೂ ವಾಪಸು ಬಂದಿಲ್ಲ ಅದು. ರಿಪೋರ್ಟೂ.

ಲೆಕ್ಕದವನು ಈಗ ಬೇರೆ ಯೂನಿಟ್ಟಿನಲ್ಲಿ ಲೆಕ್ಕ ಬರೆಯುತ್ತಾನೆ.
ಕೌಲ್ ಬಜಾರಿನಲ್ಲಿ ಒಮ್ಮೆ ಎದುರಾದ,
ರಸ್ತೆ ದಾಟಿ ಆ ಬದಿಗೆ ಹೋದ.
ನಾನು ದಾಟಲಿಲ್ಲ.
ಕಾಲು ನಡುಗಿದ್ದು ಬೇರೆ ಮಾತು.

ಹೊಸ ಹುಡುಗಿಯರಿಗೆ ಮಾಬುನ್ನಿ ಹೇಳುತ್ತಾಳೆ:
"ಬಿಟ್ಟುಹೋದ ಲೋಟ ಚೆಲ್ರಿ, ಮೂವತ್ತು ರೂಪಾಯಿ ಹೋದ್ರ ಹೋತು.
ಇಬ್ಬರು ಹೋದ್ರ ಇಬ್ಬರೂ ಬರ್ರಿ.
ಗೆಳತಿ ಒಮ್ಮಿಗೇ ತೊದಲಿದ್ರ ನಗಬ್ಯಾಡ್ರಿ, ಕೈ ಹಿಡೀರಿ."
ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ.
ಒಳಗೆ ಒಂದು ಮಾತು ಮಾತ್ರ ಸೇರಿಸಿಕೊಳ್ಳುತ್ತೇನೆ:
ಲೋಟ ಬಿಟ್ಟದ್ದು ನಾನು, ಮೇಜಿನ ಮೇಲೆ.
ಅದರೊಳಗೆ ಬೆರೆಸಿದ್ದು ಮೂಸಂಬಿಯಲ್ಲ, ಸೆಕೆಯಲ್ಲ,
ಒಂದು ಕೈ.

ಇವತ್ತು ಮಧ್ಯಾಹ್ನ ಹೊನ್ನೂರಮ್ಮ
ನೀರಿನ ಲೋಟ ಮಷೀನಿನ ಬದಿಗಿಟ್ಟು ಎದ್ದುಹೋದಳು.
ಕತ್ತರಿಸಿಟ್ಟ ಹಿಂಜೇಬಿನ ತುಂಡೊಂದನ್ನು
ಅದರ ಬಾಯಿಗೆ ಹೊದಿಸಿದೆ.
ಬಂದು ನೋಡಿ ನಕ್ಕಳು: "ಅಕ್ಕಾ, ಬರೀ ನೀರು."
ಹೌದು ಅಂದೆ.
ಬಾಬಿನ್ ಹೊರತೆಗೆದು ಬೆಳಕಿಗೆ ಹಿಡಿದು
ದಾರ ಇನ್ನೆಷ್ಟಿದೆ ನೋಡಿದೆ.