ಮೂರನೇ ಬಾಗಿಲು

ರಾಯಚೂರು ಗಂಜಿನಲ್ಲಿ ರಾತ್ರಿ ಹತ್ತೂವರೆ.
ವೇಬ್ರಿಡ್ಜಿನ ಮೇಲೆ ಹತ್ತಿ ತುಂಬಿದ ಲಾರಿ,
ಅದರ ಹಿಂದೆ ಹನ್ನೊಂದು, ಅವುಗಳ ಹಿಂದೆ ಕತ್ತಲೆ.
ಪರದೆಯ ಮೇಲೆ ತೂಕವೂ ಇಲ್ಲ, ಸೊನ್ನೆಯೂ ಇಲ್ಲ,
ಮಿಣುಕುವ ಒಂದು ಗೀಟು.

‘ಸತ್ತೈತೇನ್ರಿ?’ ಅಂದ ಎಮ್ಮಿಗನೂರಿನ ಡ್ರೈವರು.
‘ಸತ್ತಿಲ್ಲ. ಯಾರದೋ ದಾರಿ ಕಾಯಾಕತ್ತೈತಿ.’
ಸಾಯುವುದಕ್ಕೂ ಕಾಯುವುದಕ್ಕೂ
ಹೊರಗಿನಿಂದ ನೋಡಿದರೆ ಫರಕು ತಿಳಿಯುವುದಿಲ್ಲ.
ಅದಕ್ಕೇ ನನಗೆ ಫೋನು ಬರುವುದು,
ನಾನು ಮಾನವಿಯಿಂದ ಬೈಕಿನ ಮೇಲೆ
ಲ್ಯಾಪ್‌ಟಾಪು, ಸ್ಕ್ರೂಡ್ರೈವರು, ಕಿವಿಗೆ ಮಫ್ಲರು
ಸುತ್ತಿಕೊಂಡು ಬರುವುದು.

ಗುಮಾಸ್ತ ವೀರಭದ್ರಯ್ಯ ಕುರ್ಚಿ ಬಿಟ್ಟುಕೊಟ್ಟರು.
ಗೋಣಿತಟ್ಟು ಇನ್ನೂ ಬೆಚ್ಚಗಿತ್ತು.
ಹುಡುಕಿದೆ: ಎರಡು ಸಾವಿರದ ಏಳುನೂರ ಹದಿನಾಲ್ಕು.
ಓಡುವ ಪ್ರೋಗ್ರಾಮಿಗೆ ನಂಬರೇ ಹೆಸರು,
ಹಮಾಲರ ತೋಳಿನ ಬಿಲ್ಲೆಯ ಹಾಗೆ.

ಇದು ಬಿಚ್ಚಿ ನೋಡುವ ಕೆಲಸವಲ್ಲ.
ಒಳಗೊಳಗೆ ಅದು ಏನು ಎಣಿಸುತ್ತದೋ ನನಗೆ ಕಾಣದು.
ಆದರೆ ಎಂಥ ಜಾಣ ಪ್ರೋಗ್ರಾಮೂ ಕರ್ನಲ್ಲನ್ನು ಕೇಳದೆ
ಒಂದಕ್ಷರ ಓದಲಾರದು, ಒಂದು ಗೀಟು ಎಳೆಯಲಾರದು,
ಮಲಗಬೇಕಾದರೂ ಆ ಕಿಟಕಿಗೇ ಬಗ್ಗಬೇಕು.
ನಾನು ಕಿಟಕಿಯ ಹತ್ತಿರ ನಿಲ್ಲುತ್ತೇನೆ.
ಕೇಳುವಾಗ ಒಮ್ಮೆ ತಡೆಯುತ್ತೇನೆ, ಉತ್ತರ ಸಿಕ್ಕಾಗ ಇನ್ನೊಮ್ಮೆ.
ಬರೆದುಕೊಂಡು ಬಿಡುತ್ತೇನೆ.
ತಡೆದದ್ದು ಅದಕ್ಕೆ ಗೊತ್ತಾಗದು,
ಹೊತ್ತು ಚೂರು ಹೆಚ್ಚು ಹಿಡಿಯಿತಷ್ಟೇ.

ಒಂದೇ ಸಾಲು ಬಂತು, ಅದೂ ಅರ್ಧ:
ಮೂರನೇ ಬಾಗಿಲಿನಿಂದ ಓದಬೇಕು.
ತೆರೆದ ಕಂಸ, ಮುಚ್ಚಿಲ್ಲ.
ಸೊನ್ನೆ ಕೀಲಿಮಣೆ, ಒಂದು ಪರದೆ,
ಎರಡು ದೂರು ಹೇಳುವ ಜಾಗ,
ಮೂರು ಅಂದರೆ ನೆಲದಡಿಯಿಂದ ತೂಕ ತರುವ ಕೇಬಲ್ಲು.
ಟಾರ್ಚು ಹಿಡಿದು ಗುಂಡಿಗಿಳಿದೆ.

ಅರಳೆಯ ಗೂಡು.
ಅದರಲ್ಲಿ ಐದು ಕೆಂಪು ಮರಿ, ಕಣ್ಣು ಬಿಡದವು.
ಪಕ್ಕದಲ್ಲಿ ಕಡಿದ ಹಸಿರು ತಂತಿ.
ಕಸ ಹೊಡೆಯುವ ಹುಲಿಗೆಮ್ಮ ಗೂಡನ್ನು ಹಾಗೇ ಮೊರಕ್ಕೆತ್ತಿ
‘ಇವಕ್ಕೇನ್ ಗೊತ್ತು ಪಾಪ’ ಎಂದು
ಹಳೇ ತೂಕದ ಕಲ್ಲುಗಳ ಹಿಂದೆ ಇಟ್ಟಳು.
ತಂತಿ ಹೊಸೆದೆ, ಟೇಪು ಸುತ್ತಿದೆ.

ಕಂಸ ಮುಚ್ಚಿತು.
ಹದಿಮೂರು ಸಾವಿರದ ನಲವತ್ತು.
ಓದಿತು, ಬರೆಯಿತು, ಮಲಗಿತು, ಎದ್ದಿತು, ಓದಿತು,
ಹೊರಗೆ ಹಾರನ್ನು, ಕೇಕೆ, ಬೀಡಿ ಬಿಸಾಕುವ ಗಡಿಬಿಡಿ.
ಆಗಲೇ ಎದ್ದಿದ್ದರೆ ಮುಗಿದಿತ್ತು.
ಕಣ್ಣು ಅಲ್ಲೇ ನಿಂತಿತು:
ಪ್ರತಿ ಚೀಟಿಗೆ ಮುಂಚೆ ಅದು ಒಂದು ಕಡತ ಕೇಳುತ್ತದೆ.
ಹೆಸರು, ಸೂಟು.
ಉತ್ತರ, ಅಂಥ ಕಡತ ಇಲ್ಲ.
ಇದ್ದ ತೂಕಕ್ಕೇ ಚೀಟಿ ಅಚ್ಚಾಗುತ್ತದೆ.

ಸೂಟು: ಕಸಕ್ಕೆಂದು, ತೇವಕ್ಕೆಂದು, ಗಾಳಿಗೆಂದು
ತೂಕದಲ್ಲಿ ಮುರಿದುಕೊಳ್ಳುವ ಹಳೇ ಮಾತು.
ಆರು ಲಾರಿ ದಾಟಿದವು.
ಸೂಟು? ಇಲ್ಲ.
ಸೂಟು? ಇಲ್ಲ.
ಕೇಳುವುದಕ್ಕೆ ನಾಚಿಕೆಯಿಲ್ಲ, ಹೇಳುವುದಕ್ಕೆ ಬೇಸರವಿಲ್ಲ.

‘ಇದೇನ್ರಿ ಅಯ್ಯಾರ?’
ವೀರಭದ್ರಯ್ಯ ಕನ್ನಡಕ ಒರೆಸಿಕೊಂಡರು.
‘ಹದಿನಾರು ಕೆಜಿ ಇತ್ತು ಅದರೊಳಗ. ಲಾರಿಗೆ.’
ಬಹಳ ಹೊತ್ತಿನ ಮೇಲೆ,
‘ನಂಗ ಕಂಪ್ಯೂಟರ್ ಬರಂಗಿಲ್ರಿ.
ಅಳಸೋದೊಂದು ಬರ್ತೈತಿ.’

‘ಸಾವುಕಾರ್ರಿಗೆ ಗೊತ್ತೈತೇನು?’
ತೆರೆದ ಕಂಸ.
ಇನ್ನೊಂದು ಲಾರಿ ಬಂದು ನಿಂತಿತು. ಮುಚ್ಚಲಿಲ್ಲ.

ಕೈ ತೆಗೆದೆ. ಎರಡು ಸಾವಿರದ ಏಳುನೂರ ಹದಿನಾಲ್ಕು
ಯಾರೂ ನಿಂತಿರಲಿಲ್ಲ ಎಂಬಂತೆ ನಡೆಯಿತು.
ಬರೆದುಕೊಂಡ ನಾಲ್ಕು ಸಾವಿರ ಸಾಲು ನಾನೂ ಅಳಿಸಿದೆ;
ಅಷ್ಟು ನನಗೂ ಬರುತ್ತದೆ.
ಬಿಲ್ಲಿನಲ್ಲಿ: ಇಲಿ. ಕೇಬಲ್ಲು. ಮುನ್ನೂರೈವತ್ತು ರೂಪಾಯಿ.

ಬೈಕಿಗೆ ಕಿಕ್ಕು ಹೊಡೆಯುವಾಗ ಹುಲಿಗೆಮ್ಮ ಅಡ್ಡ ಬಂದಳು.
‘ಬ್ಯಾಟ್ರಿ ಕೊಡಪ್ಪ ಒಂದೀಟು,
ತಾಯಿ ಬಂತೇನ್ ನೋಡ್ತೀನಿ.’