ಇಬ್ಬರ ಉದ್ರಿ

ಮೊದಲು ಕಲ್ಲು ಪಾಲಾದವು.
ಎರಡು ಫೂಟಿನವು ಮಲ್ಕಣ್ಣಗ, ಒಂದೂವರಿವು ಭೀಮಶಾಗ,
ನೀಲಿ ಒಬ್ಬಗ, ಹಳದಿ ಒಬ್ಬಗ,
ಅಂಚು ಮುಕ್ಕಾದವನ್ನ ಚೀಟಿ ಎತ್ತಿ ಹಂಚಿದರು.
ಕೊಯ್ಯೋ ಮಷೀನು, ಟ್ರ್ಯಾಕ್ಟರಿನ ಡಬ್ಬಿ,
ನೀರಿನ ಟಾಕಿ, ಬೇವಿನ ಗಿಡದ ನೆಳ್ಳು ಸುದ್ದಾ:
ಮುಂಜಾನಿದು ಅಣ್ಣನ ಲಾರಿಗಿ, ಸಂಜಿದು ತಮ್ಮನ ಲಾರಿಗಿ.
ಉಳಿದದ್ದು ಆಫೀಸಿನ ಖೋಲಿ,
ಖೋಲ್ಯಾಗ ನಾನು,
ನನ್ನ ಮುಂದ ಒಂದು ಕಂಪ್ಯೂಟರು.

ಶಹಾಬಾದಿನ ಪಂಚರು ಅದನ್ನ ತಿರುವಿ ತಿರುವಿ ನೋಡಿ
"ಇದನ್ನ ಹ್ಯಾಂಗ ಕೊಯ್ತೀರಿ?" ಅಂದರು.
ಕೊಯ್ಯೋದು ಬ್ಯಾಡ್ರಿ ಅಂದೆ,
ಒಳಗ ಗ್ವಾಡಿ ಎಬ್ಬಸ್ತೀನಿ.
ಇಟ್ಟಂಗಿ ಇಲ್ಲದ, ಸಿಮಿಟಿಲ್ಲದ
ಹತ್ತು ನಿಮಿಷದಾಗ ಎರಡು ಮನಿ ಆದವು,
ಎರಡು ಹೆಸರು, ಎರಡು ಕೀಲಿ.
ಅಣ್ಣ ತನ್ನ ಪಾಸ್‌ವರ್ಡು ನನ್ನ ಕಿವ್ಯಾಗ ಹೇಳಿದ,
ಅಪ್ಪ ತಂದ ಮೊದಲ ಲಾರಿಯ ನಂಬರು.
ತಮ್ಮನೂ ಕಿವ್ಯಾಗ ಹೇಳಿದ.
ಅದೇ ಲಾರಿ, ಅದೇ ನಂಬರು.
ನಾನು ಏನೂ ಅನಲಿಲ್ಲ.

ಹಂಗ ನಡೀತು ಶ್ರಾವಣದ ತನಕ.
ಕೀಬೋರ್ಡಿನ ಮ್ಯಾಲ ಇಬ್ಬರ ಕಡಿಯ ಧೂಳೂ ಕೂಡತಿತ್ತು,
ಬಟ್ಟಿಲೆ ಒರೆಸಿದರ ಒಂದೇ ಬೂದಿ ಬಣ್ಣ.
ಪರದೆ ಮಾತ್ರ ಬ್ಯಾರೆ.
ಅಣ್ಣನದು ಬಿಲ್ಲು, ಕೊಟೇಶನ್ನು,
ನೆಲ ಕಾಣದಂಗ ಹರವಿದ ಫೈಲು.
ತಮ್ಮಂದು ಸಾರಿಸಿದ ಅಂಗಳ,
ಮೂಲ್ಯಾಗ ಒಂದು ಕಸದ ಬುಟ್ಟಿ.
ಭೀಮಶಾ ಒಂದಿನ ಕೇಳಿದ:
"ಉದ್ರಿ ಪಟ್ಟಿ ಎಲ್ಲದ?"
"ಅಣ್ಣನ ಡೆಸ್ಕ್‌ಟಾಪಿನ ಮ್ಯಾಲ ಅದರಿ."
"ಅದೇ ಟೇಬಲ್ಲು ಅಲ್ಲೇನು ಇದು?"
"ಟೇಬಲ್ಲು ಅದೇರಿ. ಮ್ಯಾಲಿಂದು ಅದಲ್ಲ."

ಉದ್ರಿ ಪಾಲಾಗಿರಲಿಲ್ಲ.
ವಾಡಿಯ ಗುತ್ತೇದಾರನದು ಹನ್ನೊಂದು ಸಾವಿರ,
ಚಿತ್ತಾಪುರದ ಶಾದಿ ಮಹಲಿನ ಮೆಟ್ಟಲು,
ಜೇವರ್ಗಿಯ ಸಾಲಿ ವರಾಂಡ,
ಸತ್ತವರು ಮೂವರು, ಊರು ಬಿಟ್ಟವ ಒಬ್ಬ.
ಬರದ ರೊಕ್ಕ ಹಂಚೋ ಪಂಚರು ಯಾರದಾರ?

ಮೊದಲು ನಕಲು ಮಾಡಿ ಕೊಟ್ಟೆ.
ಎರಡು ವಾರಕ್ಕ ಪಟ್ಟಿ ಪಟ್ಟಿ ಜಗಳಾಡಿದವು,
ಅಲ್ಲಿ ಕೊಟ್ಟವ ಇಲ್ಲಿ ಇನ್ನೂ ಬಾಕಿ.
ಜೇವರ್ಗಿ ಹೆಡ್‌ಮಾಸ್ತರು ರಸೀದಿ ಹಿಡಕೊಂಡು ಬಂದು
ಬಾಗಲಾಗೇ ನಿಂತು ಬೈದರು. ಬೈಸಿಕೊಂಡೆ.
ಆಮ್ಯಾಲ ನೆನಪಾತು:
ನಮ್ಮ ಮನಿಗೂ ದೊಡ್ಡಪ್ಪನ ಮನಿಗೂ ನಡುವಿನ ಗ್ವಾಡ್ಯಾಗ
ಒಂದು ಮಾಡ ಇತ್ತು, ಎರಡೂ ಕಡಿ ಬಾಯಿ.
ಹೆಪ್ಪಿನ ಬಟ್ಟಲ ಈ ಕಡಿ ಇಟ್ಟರ
ಆ ಕಡಿಂದ ಒಂದು ಕೈ ಬಂದು ಒಯ್ಯತಿತ್ತು.
ಮಾರಿ ನೋಡೋದು ಬೇಕಿರಲಿಲ್ಲ, ಮಸರು ಆಗತಿತ್ತು.

ಕಂಪ್ಯೂಟರಿನಾಗೂ ಅಂಥದೊಂದು ಮಾಡ ಅದ,
ಕಣ್ಣಿಗಿ ಬೀಳದಂಗ ಮುಚ್ಚಿರತದ.
ಹುಡುಕಿ ತೆಗೆದೆ, ಪಟ್ಟಿ ಅಲ್ಲಿಟ್ಟೆ.
ಇಬ್ಬರ ಪರದೆಯ ಮ್ಯಾಲೂ ಮೂಡಿತು.
ನೋಡೋ ಹಕ್ಕು ಇಬ್ಬರಿಗೂ, ತಿದ್ದೋ ಹಕ್ಕು ಇಬ್ಬರಿಗೂ,
ಅಳಿಸೋ ಹಕ್ಕು ಕೊಡಲಿಲ್ಲ,
ಅದು ನನ್ನ ಕಡಿ ಇರಲಿ ಅಂತ.

ನಿನ್ನೆ ಮಧ್ಯಾಹ್ನ ಮಲ್ಕಣ್ಣ ಪಟ್ಟಿ ತೆಗೆದು ಕುಂತಿದ್ದ.
ರೈಲ್ವೆ ಗೇಟಿನಾಗ ಲಾರಿ ನಿಂತದ ಅಂತ ಫೋನು ಬಂತು,
ಅರ್ಧ ಚಾ ಬಿಟ್ಟು ಹಂಗೇ ಎದ್ದು ಹೋದ.
ಭೀಮಶಾ ಬಂದ. ಕುರ್ಚಿ ಇನ್ನೂ ಬಿಸಿ ಇತ್ತು.
ತನ್ನ ಕೀಲಿ ಒತ್ತಿ ತನ್ನ ಮನಿ ಹೊಕ್ಕು
ಪಟ್ಟಿ ಮುಟ್ಟಿದ. ಪರದೆ ಹೇಳಿತು:
ಮಲ್ಕಣ್ಣ ಇದನ್ನು ತೆರೆದಿದ್ದಾರೆ.
ನೀವು ಓದಬಹುದು, ಬರೆಯಲಾಗದು.

ಪಾಲಾದ ಮ್ಯಾಲ ಅವನ ಬಾಯಾಗ ಆ ಹೆಸರು ಬಂದಿರಲಿಲ್ಲ.
ಅಕ್ಷರಕ್ಕ ಅಕ್ಷರ ಕೂಡಿಸಿ ಓದಿದ.
ಹೊರಗ ಮಷೀನು ಕಲ್ಲು ಸೀಳತಿತ್ತು.
"ಅಣ್ಣ ಇನ್ನೂ ಒಳಗ ಅದಾನೇನ್ರಿ?"
"ಅದಾರ್ರಿ. ಹೊರಗ ಬರೋದು ಮರ್ತಾರ.
ನೀವಂದ್ರ ಹೊರಗ ಹಾಕ್ತೀನಿ."

ಅವ ಪರದೆ ನೋಡಿದ,
ಕೆನಿ ಕಟ್ಟಿದ ಚಾದ ಕಪ್ಪು ನೋಡಿದ.
"ಬ್ಯಾಡ," ಅಂದ, "ಇರಲಿ ಬಿಡ್ರಿ."
ಕುರ್ಚಿ ಬಿಟ್ಟು, ಬಾಗಲ ಕಡಿ ಸ್ಟೂಲು ಎಳಕೊಂಡು ಕುಂತ.

ಸಂಜಿ ಪ್ಯಾಸೆಂಜರು ಸೀಟಿ ಹೊಡದು ಹೋತು.
ಕುಂತೇ ಇದ್ದ.