ನುಚ್ಚಕ್ಕಿ

ಅಂಚೆ ಕಚೇರಿಯ ಕಿಟಕಿಯಲ್ಲಿ ಹೆಬ್ಬೆಟ್ಟೊತ್ತಿ ಬಂದೆ.
ಪಿಂಚಣಿ ಎಣಿಸಿಕೊಡುವ ಅದೇ ಹುಡುಗಿ
ತಲೆಯೆತ್ತದೆ ಕೇಳಿದಳು: ಎಷ್ಟು ಗಿಡ?
ಆರು, ಅಂದೆ. ಉರುಗ್ವೆಯ ಕಾನೂನು ಕೊಡುವುದೇ ಆರು.
ಅರವತ್ತೆಂಟಕ್ಕೆ ಹೊಸ ಬೆಳೆಗಾರ್ತಿ!
ಉಣ್ಣೆ ಗಿರಣಿಯಲ್ಲಿ ಮೂವತ್ತು ವರ್ಷ
ಹರಿದ ನೂಲಿಗೆ ಗಂಟು ಹಾಕಿದ ಬೆರಳುಗಳು
ಈಗ ತಾವೇ ಗಂಟು.

ಗಾಂಜಾ ಎಂದರೆ ಹುಬ್ಬು ಗಂಟಿಕ್ಕುತ್ತಿದ್ದವಳು ನಾನೇ.
ಮೊಮ್ಮಗಳು ಮುಲಾಮು ಹಚ್ಚಿದ ರಾತ್ರಿ
ಮುಷ್ಟಿ ಬಿಚ್ಚಿತು. ವಾದ ಅಲ್ಲಿಗೆ ಮುಗಿಯಿತು.

ಅಕ್ಟೋಬರು ನಮಗೆ ವಸಂತ.
ಮೊಸರಿನ ಡಬ್ಬಿಗಳಲ್ಲಿ ಬೀಜ ಊರಿದೆ,
ಟೊಮ್ಯಾಟೊ ಬೆಳೆದವಳಿಗೆ ಇದೇನು ಮಹಾ ಎಂದುಕೊಂಡು.
ಕ್ರಿಸ್‌ಮಸ್ಸಿಗೆ ನನ್ನ ಎದೆಮಟ್ಟ;
ಎಲೆಯೆಲೆಗೂ ಏಳು ಬೆರಳು,
ಒಂದೂ ನೋಯದ ಬೆರಳು.

ಮೊದಲು ಬಂದದ್ದು ಗಿಡಹೇನು. ಸಾಬೂನಿನ ನೀರೆರಚಿದೆ.
ಆಮೇಲೆ ನುಸಿ, ಎಲೆಯಡಿ ಉಪ್ಪು ಉದುರಿಸಿದ ಹಾಗೆ.
ಬೇವಿನೆಣ್ಣೆ ಹೊಡಿ ಎಂದಳು ಅಂಗಡಿಯವಳು.
ಯಾವುದೋ ದೂರದೇಶದ ಮರವಂತೆ,
ಬಿರಡೆ ತೆಗೆದರೆ ಹಳಸಿದ ಬೆಳ್ಳುಳ್ಳಿ, ಸೀದ ಕಡಲೆಕಾಯಿ.
ಆ ಮರದಡಿ ಜನ ಮಂಚ ಹಾಕಿ ಮಲಗುತ್ತಾರಂತೆ. 
ಮಲಗಲಿ, ಪುಣ್ಯವಂತರು.

ಜನವರಿಯ ಒಂದು ಬೆಳಿಗ್ಗೆ ಎರಡನೆಯ ಗಿಡ ಬರೀ ಕಡ್ಡಿ.
ಉಳಿದ ಚೂರುಗಳ ಅಂಚಿನಲ್ಲಿ ಅರ್ಧಚಂದ್ರ,
ದರ್ಜಿಯ ಕತ್ತರಿ ಆಡಿದಂತೆ.

ಆ ರಾತ್ರಿ ಟಾರ್ಚು ಹಿಡಿದು ಕೂತೆ
ಯೆರ್ಬಾ ಕಷಾಯದ ಸೋರೆಬುರುಡೆ ಮಡಿಲಲ್ಲಿಟ್ಟು.
ಹನ್ನೊಂದಕ್ಕೆ ಬಂದವು.
ಇರುವೆ.
ಒಂದೊಂದರ ತಲೆಯ ಮೇಲೂ ಒಂದು ಹಸಿರು ಹಾಯಿ,
ಪಾಳಿ ಬಿಟ್ಟ ಗಿರಣಿಯ ಹಾಗೆ ಸಾಲು,
ಯಾರೂ ಯಾರನ್ನೂ ತಳ್ಳದೆ.
ಮಂಡಿಯೂರಿ ಹಿಂದೆ ಹೋದೆ:
ಗುಲಾಬಿ ದಾಟಿ, ಕೋಳಿಗೂಡು ದಾಟಿ,
ಗೋಡೆಯ ಬಿರುಕಿನೊಳಗೆ.

ಗೋಡೆಯಾಚೆ ವಾಷಿಂಗ್ಟನ್ ಬೆಂತಾಂಕೋರ್.
(ನಮ್ಮಲ್ಲಿ ಈ ಹೆಸರು ಕಟುಕನಿಗೂ ಉಂಟು, ಕ್ಷೌರಿಕನಿಗೂ.)
ಮುಷ್ಕರದ ಹನ್ನೆರಡನೆಯ ದಿನ
ತಲೆ ತಗ್ಗಿಸಿ ಗೇಟು ದಾಟಿ ಒಳಹೋದವನು.
ಇಪ್ಪತ್ತಾರು ವರ್ಷ ಅವನ ನಾಯಿಯನ್ನೂ ನಾನು ಮಾತಾಡಿಸಿಲ್ಲ.

ಇರುವೆಗೇನು ಗೊತ್ತು.

ಬೆಳಗಾದಮೇಲೆ ಗೋಡೆಗೆ ಗಲ್ಲ ಊರಿ ಹೇಳಿದೆ:
ನಿನ್ನ ನಿಂಬೆಯ ಬುಡದಲ್ಲಿ ನನ್ನ ಗಿಡ ಇದೆ.
ಅವನು ಟೋಪಿ ತೆಗೆದ. ಕೂದಲಿರಲಿಲ್ಲ; ಯಾವಾಗ ಹೋಯಿತೋ.
ವಿಷ ಹಾಕಬೇಡ, ಅಂದ. ನುಚ್ಚಕ್ಕಿ ಇಡು.
ಅವು ಎಲೆ ತಿನ್ನುವುದಿಲ್ಲ, ನಿಬಿಯಾ,
ಕತ್ತಲಲ್ಲಿ ಹಾಸಿ ಬೂಷ್ಟು ಬೆಳೆಸುತ್ತವೆ, ಅದೇ ಅವುಗಳ ಅನ್ನ.
ಅಕ್ಕಿ ಒಳಹೋದರೆ ಬೇರೆ ಬೂಷ್ಟು ಬರುತ್ತದೆ, ತೋಟ ಕೆಡುತ್ತದೆ,
ನಮ್ಮಪ್ಪ ಹಾಗೆ ಮಾಡುತ್ತಿದ್ದ.

ನನ್ನ ಹೆಸರು ಅವನ ಬಾಯಲ್ಲಿ ಇನ್ನೂ ಇತ್ತು.

ಹಾಗಾದರೆ ಅವೂ ಬೆಳೆಗಾರರೇ,
ಯಾವ ಕಿಟಕಿಯಲ್ಲೂ ಹೆಬ್ಬೆಟ್ಟೊತ್ತದವರು.
ಒಂದು ಹಿಡಿ ನುಚ್ಚು ಸಾಲಿನ ಪಕ್ಕ ಸುರಿದೆ.
ಎಲೆ ಕೆಳಗಿಟ್ಟು ಅಕ್ಕಿ ಹೊತ್ತವು,
ಇಗರ್ಜಿಯ ಮೆಟ್ಟಿಲಲ್ಲಿ ಮದುಮಗಳ ಮೇಲೆ ಎರಚಿದ ಕಾಳು
ಎದ್ದು ನಡೆದು ಹೋದಂತೆ.
ನೋಡಲಾರದೆ ಒಳಗೆ ಬಂದೆ.
ವಾರಕ್ಕೆ ಸಾಲು ತೆಳುವಾಯಿತು,
ಇನ್ನೊಂದು ವಾರಕ್ಕೆ ಬಿರುಕು ಬರೀ ಬಿರುಕು.

ಮಾರ್ಚಿನಲ್ಲಿ ನಾಲ್ಕು ದಿನ ಬಿಡದ ಮಳೆ.
ಎಲ್ಲಕ್ಕಿಂತ ದಪ್ಪನೆಯ ಹೂಗೊನೆ ಬಿಡಿಸಿದರೆ
ನಡುವೆ ಬೂದು ಹತ್ತಿ, ಮುಟ್ಟಿದರೆ ಹೊಗೆ.
ಬೂಷ್ಟು.
ನನ್ನ ದಾರಿಯಲ್ಲೂ ಯಾರೋ ನುಚ್ಚು ಸುರಿದಿದ್ದರು.
ಕೊಯ್ದೆ, ಕೊಯ್ದೆ, ಕತ್ತರಿಗೆ ಅಂಟು ಮೆತ್ತಿ ಬಾಯಿ ಕಟ್ಟುವ ತನಕ.
ಆರರಲ್ಲಿ ಉಳಿದದ್ದು ಎರಡೂವರೆ,
ಮಲಗುವ ಕೋಣೆಯ ಹಗ್ಗಕ್ಕೆ ತಲೆಕೆಳಗಾಗಿ.

ಒಂದು ಜಾಡಿ ಗೋಡೆಯ ಮೇಲಿಟ್ಟೆ. ಅವನಿಗೆ ಸೊಂಟನೋವು.
ಮುಷ್ಕರದ ಮಾತು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ.
ತಪ್ಪು ಅವನದೇ, ಈಗಲೂ.
ಸಂಜೆಗೆ ಜಾಡಿ ಇರಲಿಲ್ಲ; ಆ ಜಾಗದಲ್ಲಿ ಮೂರು ನಿಂಬೆ,
ನಿಂಬೆಯ ಮೇಲೊಂದು ಇರುವೆ,
ದಾರಿ ತಪ್ಪಿದ್ದೋ, ಬೇಹಿಗೆ ಬಂದದ್ದೋ,
ತಲೆಯ ಮೇಲೆ ಏನೂ ಇಲ್ಲದೆ.

ಹೊಸಕಲು ಬೆರಳೆತ್ತಿದೆ.
ಬೆರಳು ಸಲೀಸಾಗಿ ಮಡಚಿತು.